ಭಾವ ಕುರ್ಚಿಯ ಬಾಯಿ ಮುಚ್ಚಿಸಿದ್ದು

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಎಂದು ಹಿರಿಯರು ಹೇಳಿದ್ದಾರೆ. ಆ ಹಿರಿಯರಿಗೆ ನಮ್ಮ ಭಾವನ ಪರಿಚಯ ಇರಲಿಲ್ಲ. ನಮ್ಮ ಭಾವ, ಅಂದರೆ ನನ್ನ ಅಕ್ಕನ ಗಂಡ, ಹದಿನೆಂಟು ವರ್ಷ ಕೂತೇ ಉಂಡವರು. ಕುರ್ಚಿ ಮಾಡುವ ಕಾರ್ಖಾನೆಯಲ್ಲಿ ಅವರಿಗೆ ಸಂಬಳ ಕೊಡುತ್ತಿದ್ದದ್ದೇ ಕೂರುವುದಕ್ಕೆ. ಸಾಲಾಗಿ ಬರುವ ಹೊಸ ಕುರ್ಚಿಗಳಲ್ಲಿ ಒಂದೊಂದರಲ್ಲೂ ಕೂರಬೇಕು, ಎಡಕ್ಕೆ ವಾಲಬೇಕು, ಬಲಕ್ಕೆ ವಾಲಬೇಕು, ಏಳಬೇಕು. ಎಲ್ಲಾದರೂ ಕಿರ್ ಎಂದರೆ ಸೀಮೆಸುಣ್ಣದಲ್ಲಿ ಅಲ್ಲಿಗೊಂದು ಸೊನ್ನೆ ಹಾಕಿ ಹಿಂದಕ್ಕೆ ಕಳಿಸಬೇಕು. ದಿನಕ್ಕೆ ಇನ್ನೂರು ಮುನ್ನೂರು ಸಲ ಕೂತು ಎದ್ದು ಸಂಜೆ ಮನೆಗೆ ಬಂದವರಿಗೆ ಅಕ್ಕ "ಕೂತ್ಕೊಳ್ಳಿ" ಎಂದರೆ, "ಬೇಡ ಕಣೇ, ಇವತ್ತಿಗೆ ಸಾಕಾಯ್ತು" ಎಂದು ಗೋಡೆಗೆ ಒರಗಿ ನಿಂತೇ ಟೀ ಕುಡಿಯುತ್ತಿದ್ದರು.

ಆ ಕೆಲಸ ಅವರಿಗೆ ಬೆನ್ನುನೋವು ಕೊಟ್ಟಿತು, ಜೊತೆಗೆ ನಾಯಿಗೂ ಇಲ್ಲದಂಥ ಕಿವಿ ಕೊಟ್ಟಿತು. ನೆಂಟರ ಮನೆಗೆ ಹೋದರೆ ನಾವೆಲ್ಲ ಜನರ ಮುಖ ನೋಡುತ್ತೇವೆ, ಭಾವ ಬಾಗಿಲಿನ ಸದ್ದು ಕೇಳುತ್ತಾರೆ. ಅಂಗಿಯ ಜೇಬಿನಲ್ಲಿ ಸದಾ ಹೆಬ್ಬೆರಳು ಗಾತ್ರದ ಎಣ್ಣೆಬುಡ್ಡಿ, ಜೇಬಿನ ಮೇಲೆ ಅದರದೇ ಗುಂಡನೆಯ ಕಲೆ. ಒಮ್ಮೆ ಆಸ್ಪತ್ರೆಯಲ್ಲಿ ಮಲಗಿದ್ದ ನಮ್ಮ ದೊಡ್ಡಪ್ಪನನ್ನು ನೋಡಲು ಹೋದಾಗ, ಹೇಗಿದ್ದೀರಿ ಎಂದು ಕೇಳುವ ಮೊದಲೇ ಕಿರುಗುಟ್ಟುತ್ತಿದ್ದ ಮಂಚದ ಅಡಿಗೆ ನುಗ್ಗಿದರು. ದೊಡ್ಡಪ್ಪ ಗಾಬರಿಯಾಗಿ, "ಯಾಕಪ್ಪಾ, ಡಾಕ್ಟ್ರು ನಿನ್ನ ಹತ್ರ ಏನಾದ್ರೂ ಹೇಳಿದ್ರಾ?" ಎಂದರು. ಬೀದಿಯವರೆಲ್ಲ ಭಾವನಿಗೆ ಎಣ್ಣೆಬುಡ್ಡಿ ಎಂದೇ ಹೆಸರಿಟ್ಟಿದ್ದರು. ಈ ಪ್ರಪಂಚ ಬೆಣ್ಣೆ ಹಚ್ಚುವವರದ್ದು. ನಮ್ಮ ಭಾವನಿಗೆ ಬರುವುದು ಎಣ್ಣೆ ಹಚ್ಚುವುದೊಂದೇ.

ಇಷ್ಟೆಲ್ಲ ಇದ್ದೂ ಅವರ ಸ್ವಂತ ಮನೆಯ ಮುಂಬಾಗಿಲು ಮಾತ್ರ ತೆರೆದಾಗೆಲ್ಲ ಓಣಿಯ ಕೊನೆಯವರೆಗೆ ಕೇಳುವಂತೆ ಕಿರ್ರೆನ್ನುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಎಂದು ಜನ ನಗುತ್ತಿದ್ದರು. ನಿಜ ಸಂಗತಿ ಏನೆಂದರೆ, ಆ ಬಾಗಿಲಿನ ಹತ್ತಿರ ಎಣ್ಣೆಬುಡ್ಡಿ ತರಬಾರದೆಂದು ಅಕ್ಕನ ಅಪ್ಪಣೆಯಾಗಿತ್ತು. ಯಾಕೆ ಎಂದು ನಾನೇ ಒಮ್ಮೆ ಕೇಳಿದ್ದೆ. "ಕಳ್ಳ ಬಂದ್ರೆ ಗೊತ್ತಾಗ್ಬೇಡ್ವೇನೇ?" ಎಂದಿದ್ದಳು. ಆ ಮನೆಯಲ್ಲಿ ಕಳ್ಳನಿಗೆ ಸಿಗುವುದಾದರೂ ಏನು? ಕಿರ್ ಎನ್ನದ ನಾಲ್ಕು ಕುರ್ಚಿ. ಆದರೂ ಹಿರಿಯಳ ಮಾತು ಎಂದು ನಂಬಿದ್ದೆ.

ಹೀಗಿರುವಾಗ ಕಾರ್ಖಾನೆಗೆ ಒಂದು ಯಂತ್ರ ಬಂತು. ಅದೂ ಕೂರುತ್ತದೆ, ಏಳುತ್ತದೆ. ಅದಕ್ಕೆ ಬೆನ್ನುನೋವಿಲ್ಲ, ರಜೆ ಬೇಡ, ಟೀ ಬೇಡ. ಭಾವನನ್ನು ಕರೆದು ಹಾರ ಹಾಕಿ, ಒಂದು ಕುರ್ಚಿಯನ್ನೇ ಉಡುಗೊರೆಯಾಗಿ ಕೊಟ್ಟು ಮನೆಗೆ ಕಳಿಸಿದರು. ಭಾವ ಅದನ್ನು ತಲೆಯ ಮೇಲೆ ಹೊತ್ತು ತಂದು ಹಜಾರದಲ್ಲಿ ಇಳಿಸಿ, ಕೂತು, ವಾಲಿ, ಎದ್ದು, "ಹಿಂಗಾಲು ಸರಿ ಇಲ್ಲ. ಆ ಯಂತ್ರಕ್ಕೆ ಏನೂ ಗೊತ್ತಾಗಲ್ಲ" ಎಂದರು. ಅವರ ಮುಖ ನೋಡಿ ನನಗೆ ಅಳು ಬಂತು, ಅಕ್ಕ ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕಿದಳು.

ಒಂದು ವಾರ ಸುಮ್ಮನಿದ್ದವರು ಎಂಟನೆಯ ದಿನ ನನ್ನ ಅಂಗಡಿಗೆ ಬಂದರು. ಎರಡು ಬೀದಿ ಆಚೆ ನನ್ನದೊಂದು ಪುಟ್ಟ ಅಂಗಡಿಯಿದೆ. ಟೈಪಿಂಗ್, ಜೆರಾಕ್ಸ್, ಅರ್ಜಿ ಬರೆದುಕೊಡುವುದು. ಅದಕ್ಕೇ ಭಾವ ನನ್ನನ್ನು ಟೈಪಮ್ಮ ಎಂದು ಕರೆಯುವುದು.

"ಟೈಪಮ್ಮಾ, ಒಂದು ಯೋಚನೆ ಬಂದಿದೆ. ಊರಲ್ಲಿ ಎಷ್ಟು ಬಾಗಿಲು, ಎಷ್ಟು ಮಂಚ, ಎಷ್ಟು ಕುರ್ಚಿ! ಎಲ್ಲಾ ಕಿರುಗುಟ್ತಾ ಇವೆ. ಜನ ಅಭ್ಯಾಸ ಆಗೋಗಿದೆ ಅಂತ ಸುಮ್ಮನಿದ್ದಾರೆ. ನಾನು ಒಂದು ಸಣ್ಣ ಗಾಡಿ ತಗೊಂಡು, ಅದರಲ್ಲೇ ಸಾಮಾನು ಇಟ್ಕೊಂಡು, ಮನೆಮನೆಗೆ ಹೋಗಿ ಸದ್ದು ನಿಲ್ಲಿಸ್ತೀನಿ. ಇಂಥಾ ವ್ಯಾಪಾರ ಎಲ್ಲೂ ಇಲ್ಲ."

"ಎಲ್ಲೂ ಯಾಕಿಲ್ಲ ಅಂತ ಒಂದ್ಸಲ ಯೋಚನೆ ಮಾಡಿದ್ರಾ ಭಾವ?"

"ಯಾರಿಗೂ ಕಿವಿ ಇಲ್ಲ, ಅದಕ್ಕೆ" ಎಂದರು.

ಅಕ್ಕ ಬೇಡ ಎನ್ನಲಿಲ್ಲ, ಗಡುವು ಹಾಕಿದಳು. ಪಕ್ಕದ ಊರಿನಲ್ಲಿ ನಮ್ಮ ಅಣ್ಣ ಒಂದು ಗೋದಾಮು ನೋಡಿಕೊಳ್ಳುತ್ತಾನೆ. ಅಲ್ಲಿ ಗೇಟಿನ ಹತ್ತಿರ ಕೂತು ಲಾರಿಗಳ ನಂಬರು ಬರೆದುಕೊಳ್ಳುವ ಕೆಲಸ ಖಾಲಿಯಿತ್ತು. ವಾರವಿಡೀ ಅಲ್ಲೇ ಇರಬೇಕು, ಭಾನುವಾರ ಮಾತ್ರ ಮನೆ. "ತಿಂಗಳು ಮುಗಿಯೋದ್ರೊಳಗೆ ನಿಮ್ಮ ಗಾಡಿಗೆ ದುಡ್ಡು ಹುಟ್ಟಿದ್ರೆ ಸರಿ. ಇಲ್ಲಾಂದ್ರೆ ಒಂದನೇ ತಾರೀಕು ಅಣ್ಣನ ಹತ್ರ ಹೊರಡಿ. ನಂಗೂ ಆರು ದಿನ ಮನೆ ತಣ್ಣಗಿರುತ್ತೆ" ಎಂದಳು. ಆ ಮನೆ ಬಿಟ್ಟು ಒಂದು ರಾತ್ರಿಯೂ ಬೇರೆಡೆ ಮಲಗಿದವರಲ್ಲ ಭಾವ.

ಮೊದಲು ಹೋದದ್ದು ಸೋದರಮಾವನ ಮನೆಗೆ. ನಮ್ಮ ಕಡೆ ನಾಲ್ಕು ಕಾಸು ಇರುವವರು ಅವರೊಬ್ಬರೇ. ಎಲ್ಲ ಕೇಳಿಸಿಕೊಂಡು, "ಅಲ್ಲಯ್ಯಾ, ಗಿರಾಕಿ ಕೈಗೆ ನೀನು ಕೊಡೋದೇನು? ಏನೂ ಇಲ್ಲ. ಮೊದಲು ಸದ್ದಿತ್ತು, ಆಮೇಲೆ ಏನೂ ಇಲ್ಲ. ಏನೂ ಇಲ್ಲದ್ದಕ್ಕೆ ಯಾರು ದುಡ್ಡು ಕೊಡ್ತಾರೆ?" ಎಂದರು. ನಾವು ಸಪ್ಪೆ ಮುಖ ಹಾಕಿಕೊಂಡು ಹೊರಟಾಗ ಹಿಂದಿನಿಂದ ಕೂಗಿದರು: "ಹಾಗೇ ಹೋಗ್ತಾ ಆ ಗೇಟ್ ಒಂದು ಸ್ವಲ್ಪ ನೋಡಿ ಹೋಗಪ್ಪಾ, ಬೆಳಗಾದ್ರೆ ತಲೆ ತಿನ್ನುತ್ತೆ." ಭಾವ ನೋಡಿಯೇ ಬಂದರು.

ಆಮೇಲೆ ದೊಡ್ಡ ಬೀದಿಯ ಕುರ್ಚಿ ಮೇಜಿನ ಅಂಗಡಿಯವರು. ಪಾಪ, ಒಳ್ಳೆಯ ಮನುಷ್ಯ, ಇದ್ದದ್ದನ್ನು ಇದ್ದಂತೆ ಹೇಳಿದರು. "ಹಳೇ ಕುರ್ಚಿ ಕಿರ್ ಅಂದ್ರೇನೇ ಜನ ಹೊಸದು ತಗೊಳ್ಳೋಕೆ ಬರೋದು. ನೀವು ಅದರ ಬಾಯಿ ಮುಚ್ಚಿಸಿದ್ರೆ ನನ್ನ ಸಂಸಾರ ನಡೆಯೋದು ಹೇಗೆ? ನನ್ನ ಕುತ್ತಿಗೆಗೆ ನಾನೇ ಬಂಡವಾಳ ಹಾಕ್ಲಾ?" ಅಲ್ಲಿಗೆ ಊರಲ್ಲಿ ದುಡ್ಡಿರುವವರ ಪಟ್ಟಿ ಮುಗಿಯಿತು. ಉಳಿದದ್ದು ಬ್ಯಾಂಕು.

ಬ್ಯಾಂಕಿನ ಅರ್ಜಿಯನ್ನು ನಾನೇ ಟೈಪು ಮಾಡಿದೆ, ಒಂದಲ್ಲ ಎರಡಲ್ಲ ಏಳು ಸಲ. 'ಉತ್ಪನ್ನದ ಹೆಸರು' ಎಂಬ ಕಡೆ ಬಂದಾಗ ಇಬ್ಬರೂ ಸಿಕ್ಕಿಕೊಂಡೆವು. ಭಾವ ಗಲ್ಲ ಕೆರೆದುಕೊಂಡು, "ಮಾವ ಹೇಳಿದ್ದೇ ಸರಿ, ಏನೂ ಇಲ್ಲ ಅಂತ ಬರಿ" ಎಂದರು. ನಾನು 'ನಿಶ್ಶಬ್ದ' ಎಂದು ಹೊಡೆದೆ. ಎಷ್ಟು ತಯಾರಾಗುತ್ತದೆ ಎಂಬ ಮುಂದಿನ ಸಾಲನ್ನು ಖಾಲಿ ಬಿಟ್ಟೆ.

ಬ್ಯಾಂಕು ಚಿಕ್ಕದು. ಮೂರು ಕೌಂಟರು, ಗೋಡೆಗೊಂದು ಬೆಂಚು, ಕೊನೆಯಲ್ಲಿ ಮ್ಯಾನೇಜರರ ಕೋಣೆ. ಕೋಣೆಗೆ ಸ್ಪ್ರಿಂಗಿನ ಅರೆಬಾಗಿಲು. ನಾವು ಒಳಗೆ ಹೋದಾಗ ಆ ಬಾಗಿಲು ಕೀಂ ಎಂದಿತು, ದಪ್ಪ ಶರೀರದ ಮ್ಯಾನೇಜರರು ತಿರುಗುವ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಾಗ ಕುರ್ಚಿ ಅದಕ್ಕಿಂತ ಜೋರಾಗಿ ಕಿರ್ರೆಂದಿತು. ನಾನು ಭಾವನ ಮುಖ ನೋಡಿದೆ. ಮಕ್ಕಳು ಮಿಠಾಯಿ ಅಂಗಡಿ ನೋಡುವಂತೆ ನೋಡುತ್ತಿದ್ದರು. ನನಗೂ ಖುಷಿಯೇ. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಸಾಹೇಬರ ಎದುರೇ ಸಾಹೇಬರ ಕುರ್ಚಿ ರಿಪೇರಿ ಮಾಡಿ ತೋರಿಸಿದರೆ ಸಾಲ ಕೈಗೆ ಬಂದ ಹಾಗೇ.

"ನಿಶ್ಶಬ್ದ ಮಾರ್ತೀರಾ?" ಮ್ಯಾನೇಜರರು ಅರ್ಜಿ ನೋಡಿ ಹುಬ್ಬೇರಿಸಿದರು. "ಹೇಗೆ ಅಂತ ತೋರಿಸಬೇಕಲ್ಲ. ಹತ್ತು ನಿಮಿಷ ಇರಿ, ಹೊರಗೊಂದು ಕೆಲಸ ಮುಗಿಸಿ ಬರ್ತೀನಿ." ಹಾಗೆಂದು ಎದ್ದು ಹೋದರು. ಒಂದು ಗುರುತಿನ ಚೀಟಿಯ ಪ್ರತಿ ಕಡಿಮೆಯಿತ್ತು, ಅದನ್ನು ತರಲು ನಾನೂ ಎದುರಿನ ಅಂಗಡಿಗೆ ಓಡಿದೆ. ಭಾವನನ್ನು ಒಬ್ಬರನ್ನೇ ಒಂದು ಕಿರುಗುಟ್ಟುವ ಕುರ್ಚಿಯ ಜೊತೆ ಬಿಟ್ಟು ಹೋದೆನಲ್ಲ, ನನ್ನ ಬುದ್ಧಿಗೆ ಏನನ್ನಬೇಕು!

ತಿರುಗಿ ಬಂದಾಗ ಅರೆಬಾಗಿಲು ನುಣ್ಣಗೆ ತೆರೆದುಕೊಂಡಿತು. ಆಗಲೇ ನನಗೆ ಗೊತ್ತಾಯಿತು. ಭಾವ ತಮ್ಮ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದರು, ಮೊಣಕಾಲಲ್ಲಿ ಧೂಳು, ಮುಖದಲ್ಲಿ ತೃಪ್ತಿ. ಬೈಯಲು ಬಾಯಿ ತೆರೆಯುವಷ್ಟರಲ್ಲಿ ಮ್ಯಾನೇಜರರು ಬಂದು ಕೂತರು. ಸದ್ದಿಲ್ಲ. ಒರಗಿದರು, ಸದ್ದಿಲ್ಲ. ಅತ್ತಿತ್ತ ತಿರುಗಿದರು.

"ಹ್ಞಾಂ, ತೋರಿಸಿ."

ಭಾವ ಮೆಲ್ಲಗೆ, "ಆಗೋಯ್ತು ಸಾರ್" ಎಂದರು.

"ಏನಾಗೋಯ್ತು?"

"ಸದ್ದು ಬರ್ತಿತ್ತು ಸಾರ್. ಈಗ ಇಲ್ಲ."

ಮ್ಯಾನೇಜರರು ಕಿವಿಗೊಟ್ಟು ಕೇಳಿದರು, ನಮ್ಮಿಬ್ಬರನ್ನೂ ನೋಡಿದರು. "ನನಗೇನೂ ಕೇಳಿಸ್ತಿಲ್ಲಪ್ಪಾ."

"ಅದೇ ಸಾರ್!"

ಇದಕ್ಕಿಂತ ಒಳ್ಳೆಯ ಕೆಲಸವನ್ನು ಇದಕ್ಕಿಂತ ಕೆಟ್ಟದಾಗಿ ತೋರಿಸಿದವರು ಯಾರೂ ಇರಲಿಕ್ಕಿಲ್ಲ. "ಇಂಥಾ ತೊಂದರೆ ಜನಕ್ಕೆ ಇದೆ ಅಂತಲೇ ನನಗೆ ಅನಿಸ್ತಿಲ್ಲ. ನೋಡೋಣ" ಎಂದು ಅರ್ಜಿಯನ್ನು ಒಂದು ಎತ್ತರದ ರಾಶಿಯ ಕೆಳಗೆ ಸೇರಿಸಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ದಾರಿಯುದ್ದಕ್ಕೂ ನಾನು ಭಾವನಿಗೆ ಚೆನ್ನಾಗಿ ಬೈದೆ. "ಹತ್ತು ನಿಮಿಷ ತಡ್ಕೊಳ್ಳೋಕೆ ಆಗ್ಲಿಲ್ವಾ?" ಎಂದರೆ, "ಹೇಗೆ ತಡ್ಕೊಳ್ಳಲಿ ಟೈಪಮ್ಮ, ಅದು ನರಳ್ತಾ ಇತ್ತು" ಎಂದರು. ಇಂಥವರಿಗೆ ಬೈದೂ ಸುಖವಿಲ್ಲ.

ಒಂಬತ್ತು ದಿನ ಕಳೆಯಿತು. ಇಪ್ಪತ್ತೆಂಟನೇ ತಾರೀಕು. ಭಾವ ಬರುತ್ತಾರೋ ಇಲ್ಲವೋ ಎಂದು ಅಣ್ಣನಿಗೆ ಆ ಸಂಜೆಯೊಳಗೆ ಹೇಳಬೇಕಿತ್ತು. ಅಕ್ಕ ಆಗಲೇ ಪೆಟ್ಟಿಗೆ ಇಳಿಸಿ ಒರೆಸಿ ಹಜಾರದಲ್ಲಿ ಇಟ್ಟಿದ್ದಳು. ಬೆಳಿಗ್ಗೆ ಬ್ಯಾಂಕಿನ ವಯಸ್ಸಾದ ಅಟೆಂಡರು ನನ್ನ ಅಂಗಡಿ ಹುಡುಕಿಕೊಂಡು ಬಂದ. ಭಾವ ಅಲ್ಲೇ ಇದ್ದರು.

"ಅಣ್ಣಾ, ಆವತ್ತು ನೀವೇನು ಮಾಡಿದ್ರೋ ಅದನ್ನ ವಾಪಸ್ ಮಾಡಿ. ಆ ಕಿರ್ ಸದ್ದು ನಮಗೆ ಬೇಕು" ಎಂದ.

ಸಂಗತಿ ಹೀಗಿತ್ತು. ಮ್ಯಾನೇಜರರು ಏಳುವಾಗ ಕುರ್ಚಿ ಕೂಗುತ್ತಿತ್ತು, ಹೊರಗೆ ಬರುವಾಗ ಬಾಗಿಲು ಕೂಗುತ್ತಿತ್ತು. ಆರು ವರ್ಷದಿಂದ ಆ ಎರಡು ಕೂಗಿನ ನಡುವೆ ಸಿಬ್ಬಂದಿಯೆಲ್ಲ ಟೀ ಲೋಟ ಮರೆಮಾಡಿ, ಮಾತು ನಿಲ್ಲಿಸಿ, ತಲೆ ಬಗ್ಗಿಸಿ ಬರೆಯುತ್ತಿದ್ದರು. ಈಗ ಸಾಹೇಬರು ಬೆಕ್ಕಿನ ಹಾಗೆ ಬಂದು ಬೆನ್ನ ಹಿಂದೆ ನಿಲ್ಲುತ್ತಾರೆ. ಮೂರನೇ ಕೌಂಟರಿನ ಹೆಣ್ಣುಮಗಳಿಗೆ ಮೂರು ಗಂಟೆಗೆ ಮನೆಗೆ ಫೋನು ಮಾಡಿ ಮಗು ನಿದ್ದೆ ಮಾಡಿತಾ ಎಂದು ಕೇಳುವ ಅಭ್ಯಾಸ. ಈ ವಾರ ಎರಡು ಸಲ ಸಿಕ್ಕಿಬಿದ್ದು ಎಲ್ಲರೆದುರು ಬೈಸಿಕೊಂಡು ಅತ್ತಿದ್ದಳು.

"ಇದ್ದ ಸದ್ದು ತೆಗೀತೀನಿ, ಇಲ್ಲದ ಸದ್ದು ಹಾಕೋದು ನನ್ನ ಕೈಲಿ ಆಗಲ್ಲ" ಎಂದು ಮೊದಲು ಹಠ ಹಿಡಿದ ಭಾವ, ಆ ಹೆಣ್ಣುಮಗಳ ಮಾತು ಬಂದಾಗ ಮೆತ್ತಗಾದರು. "ನನ್ನಿಂದ ಅತ್ತಳಾ?" ಎಂದು ಎರಡು ಸಲ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಬಾ ಟೈಪಮ್ಮ. ಸದ್ದು ಹೇಗೆ ಹುಟ್ಟುತ್ತೆ ಅಂತ ನಾನು ಯಾವತ್ತೂ ನೋಡಿಲ್ಲ. ಚೆನ್ನಾಗಿ ಕಿರುಗುಟ್ಟೋ ಬಾಗಿಲು ನನಗೆ ಗೊತ್ತಿರೋದು ಒಂದೇ" ಎಂದರು.

ಅಕ್ಕ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ನಾನು ಮುಂಬಾಗಿಲನ್ನು ಎತ್ತಿ ಹಿಡಿದೆ, ಭಾವ ಕೀಲಿನೊಳಗಿನ ಕಬ್ಬಿಣದ ಕಡ್ಡಿಯನ್ನು ಹೊರಗೆಳೆದು ಬೆಳಕಿಗೆ ಹಿಡಿದು ನೋಡಿದರು. "ಒಣಗಿರ್ಬೇಕು, ಜೊತೆಗೆ ಕೂದಲೆಳೆಯಷ್ಟು ಸೊಟ್ಟ ಇರ್ಬೇಕು. ಎರಡೂ ಸೇರಿದ್ರೇನೇ ಸದ್ದು" ಎಂದು ಹೊಸ ವಿದ್ಯೆ ಕಲಿತ ಹುರುಪಿನಲ್ಲಿ ಕಡ್ಡಿಯನ್ನು ಮತ್ತೆ ಕೂರಿಸಿದರು. ಹುಟ್ಟುಗುಣ ಸುಟ್ಟರೂ ಹೋಗದು. ಕೂರಿಸುವಾಗ ಅವರ ಕೈ ತಾನಾಗಿ ಜೇಬಿಗೆ ಹೋಗಿ, ಕಡ್ಡಿಗೆ ಎರಡು ತೊಟ್ಟು ಎಣ್ಣೆ ಬಿಟ್ಟಿತು. ಅವಸರದಲ್ಲಿ ಅದನ್ನು ಅವರೂ ಗಮನಿಸಲಿಲ್ಲ, ನೋಡಿದ ನಾನೂ ಅಲ್ಲೇ ಮರೆತೆ. ಬಾಗಿಲು ಎಳೆದುಕೊಂಡು ಬ್ಯಾಂಕಿಗೆ ಓಡಿದೆವು.

ಮ್ಯಾನೇಜರರು ಊಟಕ್ಕೆ ಮನೆಗೆ ಹೋಗಿದ್ದರು. ಅಟೆಂಡರು ಬಾಗಿಲಲ್ಲಿ ಕಾವಲು ನಿಂತ. ಭಾವ ಮೇಜಿನಡಿ ನುಗ್ಗಿ ಸೀಮೆಎಣ್ಣೆಯ ಬಟ್ಟೆಯಿಂದ ಕುರ್ಚಿಯ ಬುಡ ಒರೆಸಿ ಒಣಗಿಸಿ, ಒಂದು ತಿರುಪನ್ನು ಸ್ವಲ್ಪ ಸೊಟ್ಟಗೆ ಬಿಗಿದರು. ಮುಖ ಹಿಂಡಿಕೊಂಡಿತ್ತು, ತಮ್ಮ ಹಲ್ಲು ತಾವೇ ಕೀಳುವವರ ಹಾಗೆ. ಅಷ್ಟರಲ್ಲಿ ಅಟೆಂಡರು ಜೋರಾಗಿ ಕೆಮ್ಮಿದ. ಮ್ಯಾನೇಜರರು ಅರ್ಧ ಗಂಟೆ ಮೊದಲೇ ಬಂದುಬಿಟ್ಟಿದ್ದರು. ನಾನು ಮೂಲೆಯಲ್ಲಿ ನಿಂತು ಗೋಡೆಯ ಕ್ಯಾಲೆಂಡರ್ ಓದತೊಡಗಿದೆ. ಭಾವ ಮೇಜಿನಡಿಯೇ ಉಳಿದರು.

ಮ್ಯಾನೇಜರರು ನನ್ನನ್ನು ನೋಡಿ, "ಸಾಲದ ವಿಷಯ ಆದ್ರೆ..." ಎನ್ನುತ್ತ ಕೂತರು. ಕಿರ್ರ್! ಅವರ ಮಾತು ನಿಂತಿತು. ಎದ್ದರು. ಕಿರ್ರ್! ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಮುಖ ಬಾಡಿಸಿಕೊಂಡು, ಯಾರಿಗೂ ಅಲ್ಲದಂತೆ, "ಬೆಳಿಗ್ಗೆ ಇರ್ಲಿಲ್ಲ. ಈಗ ಒಂದು ತುತ್ತು ಜಾಸ್ತಿ ತಿಂದಿದ್ದಕ್ಕೇನಾ?" ಎಂದರು.

ಮೇಜಿನಡಿಯಿಂದ ಧ್ವನಿ ಬಂತು: "ಅದು ನೀವಲ್ಲ ಸಾರ್, ನಾನು."

ಭಾವ ತೆವಳಿಕೊಂಡು ಹೊರಬಂದು ಎಲ್ಲ ಒಪ್ಪಿಕೊಂಡರು. ಆವತ್ತು ಸದ್ದು ತೆಗೆದದ್ದೂ ತಾವೇ, ಇವತ್ತು ಹಾಕಿದ್ದೂ ತಾವೇ. ಮ್ಯಾನೇಜರರು ಕೋಪ ಮಾಡಿಕೊಳ್ಳಲಿಲ್ಲ. ಅವರಿಗೆ ಬೇರೆಯೇ ಚಿಂತೆ. "ಅಂದ್ರೆ ಆರು ವರ್ಷ ಕಿರ್ ಅಂದಿದ್ದು ಕುರ್ಚಿನಾ? ನನ್ನ ಭಾರ ಅಲ್ವಾ? ರಾತ್ರಿ ಊಟಾನೇ ಬಿಟ್ಟಿದ್ನಲ್ರೀ ನಾನು! ಈ ಒಂಬತ್ತು ದಿನ ಸದ್ದಿಲ್ಲ ಅಂತ, ಸಣ್ಣ ಆಗಿದೀನಿ ಅಂತ ಮನೇಲೆಲ್ಲ ಹೇಳ್ಕೊಂಡು ಓಡಾಡಿದೀನಿ."

"ನೀವು ಕೂತ್ಕೊಳ್ಳೋದು ಸರಿಯಾಗೇ ಇದೆ ಸಾರ್" ಎಂದು ಭಾವ ಹದಿನೆಂಟು ವರ್ಷದ ಅನುಭವದಿಂದ ಸಮಾಧಾನ ಹೇಳಿದರು. "ತಪ್ಪು ತಿರುಪಿನದ್ದು."

"ಸರಿ, ತೆಗೆದದ್ದನ್ನ ಮತ್ತೆ ಯಾಕೆ ಹಾಕಿದ್ರಿ? ಯಾರು ಹೇಳಿದ್ರು?"

"ಯಾರೂ ಇಲ್ಲ ಸಾರ್. ನಂಗೇ ಬೇಜಾರಾಯ್ತು." ಸುಳ್ಳು ಹೇಳಲು ಭಾವನಿಗೆ ಬರುವುದಿಲ್ಲ, ಕಿವಿ ಕೆಂಪಾಗುತ್ತದೆ. ಮ್ಯಾನೇಜರರು ಆ ಕಿವಿ ನೋಡಿದರು, ಅರೆಬಾಗಿಲಿನಾಚೆ ಉಸಿರು ಬಿಗಿಹಿಡಿದು ನಿಂತಿದ್ದ ಅಟೆಂಡರನ್ನು ನೋಡಿದರು, ಅವನಾಚೆ ಮೂರು ಕೌಂಟರುಗಳಲ್ಲಿ ಬಗ್ಗಿದ್ದ ಮೂರು ತಲೆ ನೋಡಿದರು. ನಿಧಾನವಾಗಿ ಅವರಿಗೆ ಎಲ್ಲ ಅರ್ಥವಾಯಿತು.

"ನಾನೂ ಮೂರನೇ ಕೌಂಟರಲ್ಲಿ ಎಂಟು ವರ್ಷ ಕೂತವನೇ" ಎಂದರು. "ಆಗಿನ ಸಾಹೇಬರ ಬೂಟು ಕೀಂ ಅಂತಿತ್ತು. ಅದರಿಂದಲೇ ನಾವು ಬದುಕಿದ್ವಿ." ಕುರ್ಚಿಯನ್ನೊಮ್ಮೆ ಅಲುಗಾಡಿಸಿ ನೋಡಿ, "ಕುರ್ಚಿ ಸದ್ದು ತೆಗೆದುಬಿಡಿ. ಬಾಗಿಲಿಗೆ ಮಾತ್ರ ಮತ್ತೆ ಹಾಕಿ" ಎಂದರು.

"ಅಷ್ಟೇ ಸಾರ್. ಬೇಡದ ಕಡೆ ತೆಗೀಬೇಕು, ಬೇಕಾದ ಕಡೆ ಇರ್ಬೇಕು."

"ಈ ಮಾತು ಅರ್ಜಿಯಲ್ಲಿ ಯಾಕಿಲ್ಲ?"

ನಾನು ಕ್ಯಾಲೆಂಡರ್ ಬಿಟ್ಟು ಓಡಿ ಬಂದು, ರಾಶಿಯ ಕೆಳಗಿನಿಂದ ಅರ್ಜಿ ಎಳೆದು, ಪೆನ್ನಿನಲ್ಲೇ ಬರೆದೆ. ಗಾಡಿಗೆ ಸಾಲ ಸಿಗಲಿಲ್ಲ. ಪೆಟ್ಟಿಗೆ ಕೂರಿಸಿದ ಒಂದು ಮೂರು ಗಾಲಿಯ ಸೈಕಲ್ಲಿಗೆ ಮತ್ತು ಸಾಮಾನಿಗೆ ಆಗುವಷ್ಟು ಸಿಕ್ಕಿತು. ಭಾವ ಮಂಜೂರಾದ ಕಾಗದವನ್ನು ಜೇಬಿಗಿಟ್ಟುಕೊಂಡರು. ಎಣ್ಣೆಬುಡ್ಡಿಯ ಪಕ್ಕದಲ್ಲೇ ಇಟ್ಟದ್ದರಿಂದ ಮನೆ ತಲುಪುವಷ್ಟರಲ್ಲಿ ಅದರ ಮೂಲೆಯೂ ಜಿಡ್ಡಾಗಿತ್ತು.

ಬಾಗಿಲಲ್ಲೇ "ಕೇಳಿದ್ಯೇನೇ!" ಎಂದು ಕೂಗಬೇಕೆಂದು ದಾರಿಯಲ್ಲೆಲ್ಲ ಮಾತಾಡಿಕೊಂಡಿದ್ದೆವು. ಭಾವ ಬಾಗಿಲು ತಳ್ಳಿದರು. ಅದು ಒಂದಿಷ್ಟೂ ಸದ್ದು ಮಾಡದೆ ತೆರೆದುಕೊಂಡಿತು. ಎರಡು ತೊಟ್ಟು ಎಣ್ಣೆ ಆಗ ನನಗೆ ನೆನಪಾಯಿತು.

ಅಕ್ಕ ಹಜಾರದಲ್ಲಿ, ಪೆಟ್ಟಿಗೆಯ ಮೇಲೆ, ನಮಗೆ ಬೆನ್ನು ಹಾಕಿ ಕೂತಿದ್ದಳು. ಕಿವಿಯಲ್ಲಿ ಫೋನು.

"...ಅವರಿಗೆ ಹೇಳ್ಬೇಡ ಅಣ್ಣಾ. ನಾನು ಕೇಳಿದೆ ಅಂತ ಗೊತ್ತಾಗ್ಬಾರ್ದು. ಆ ಕೆಲಸಕ್ಕೆ ಬೇರೆ ಯಾರೋ ಸಿಕ್ಕಿದ್ರು ಅಂತ ನೀನೇ ಹೇಳ್ಬಿಡು. ಆರು ದಿನ ಅವರಿಲ್ಲದೆ... ಇಲ್ಲಣ್ಣ, ಆಗಲ್ಲ. ನನ್ನ ಕೈಲಿ ಆಗಲ್ಲ." ಮುಂದಿನದು ಮಾತಾಗಿರಲಿಲ್ಲ, ಅಳುವಾಗಿತ್ತು. ನನ್ನಕ್ಕ ಅತ್ತದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಭಾವನೂ ನೋಡಿರಲಿಲ್ಲ. ಹದಿನೆಂಟು ವರ್ಷ ಬಾಗಿಲು ಕಿರ್ರೆಂದು, ಅವರು ಒಳಗೆ ಕಾಲಿಡುವಷ್ಟರಲ್ಲಿ ಅವಳ ಮುಖ ಸರಿಹೋಗಿರುತ್ತಿತ್ತು. ಕಳ್ಳನ ಮಾತು ಸುಳ್ಳೆಂದು ನನಗೆ ಅರ್ಥವಾದದ್ದು ಆಗ.

ಭಾವನಿಗೆ ನನಗಿಂತ ಬೇಗ ಅರ್ಥವಾಗಿತ್ತು. ಅವರು ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದರು. ಇಬ್ಬರೂ ಕಾಲುತುದಿಯಲ್ಲಿ ಮೆಟ್ಟಿಲಿಳಿದೆವು. ಬಾಗಿಲನ್ನು ಮೆಲ್ಲಗೆ ಮುಚ್ಚಿದರು. ನೂರರವರೆಗೆ ಎಣಿಸುವಷ್ಟು ಹೊತ್ತು ಅಲ್ಲೇ ನಿಂತರು, ಕಣ್ಣು ಒದ್ದೆಯಾಗಿತ್ತು. ಆಮೇಲೆ ಬಾಗಿಲಿಗೆ ಬಾಯಿ ಹತ್ತಿರ ತಂದು, ಜೀವಮಾನವಿಡೀ ಕಿರ್ ಸದ್ದಿನ ಬೆನ್ನು ಹತ್ತಿ ಅಡಗಿಸಿದ ನಮ್ಮ ಭಾವ, ತಮ್ಮ ಗಂಟಲಿನಿಂದ, ಉದ್ದಕ್ಕೆ, "ಕಿ...ರ್ರ್ರ್" ಎಂದರು.

ಅಷ್ಟೇನೂ ಚೆನ್ನಾಗಿ ಬರಲಿಲ್ಲ, ಬೆಕ್ಕಿನ ಬಾಲ ತುಳಿದ ಹಾಗಿತ್ತು. ನಾನು ಬಾಯಿಗೆ ಕೈ ಅಡ್ಡ ಹಿಡಿದೆ, ನಗುವುದಕ್ಕೋ ಅಳುವುದಕ್ಕೋ ನನಗೇ ಗೊತ್ತಿಲ್ಲ.

ಒಳಗೆ ಅಳು ಥಟ್ಟನೆ ನಿಂತಿತು. ಮೂಗು ಒರೆಸಿಕೊಂಡದ್ದು ಕೇಳಿಸಿತು, ಪೆಟ್ಟಿಗೆ ಸರಿಸಿದ್ದು ಕೇಳಿಸಿತು. ಆಮೇಲೆ ಅಕ್ಕನ ಎಂದಿನ ಗಡಸು ದನಿ ಬಂತು.

"ಬಂದ್ರಾ? ಚಪ್ಪಲಿ ಹೊರಗೇ ಬಿಟ್ಟು ಬನ್ನಿ."